ಯೋಹಾನನೇ ಮೊದಲು

ತ್ರಯಾವ್ನಾ, 14 ಮಾರ್ಚ್ 1998, ಶನಿವಾರ

ಬೆರಳಿನ ಗೋಂದೂ ಹೋಗಿಲ್ಲ, ಹೊಸ ಪಾದ್ರಿ ಫಾದರ್ ಸಾವಾ ಅಂದ ಮಾತೂ ಕಿವಿಯಿಂದ ಹೋಗಿಲ್ಲ. ನಾನು ಪುಟಗಳನ್ನು ಮತ್ತೆ ಹೊಲಿದು ಹೊಸ ರಟ್ಟು ಹಾಕಿಕೊಟ್ಟ ಚರ್ಚಿನ ಹಳೆಯ ಸುವಾರ್ತೆ ಪುಸ್ತಕವನ್ನು ತೆರೆದವರೇ ಸಿಡುಕಿದರು: “ಏನಮ್ಮಾ ಇದು, ಯೋಹಾನನ ಸುವಾರ್ತೇನ ಮುಂದೆ ಹೊಲಿದುಬಿಟ್ಟಿದ್ದೀರಲ್ಲ! ಮತ್ತಾಯ ಮೊದಲು ಅಂತ ಮಕ್ಕಳಿಗೂ ಗೊತ್ತು. ಬಿಚ್ಚಿ!”

ಹತ್ತೊಂಬತ್ತು ದಿನದ ಹೊಲಿಗೆ! ಮೈ ಉರಿಯಿತು.

“ಅದು ಮನೇಲಿ ಓದೋ ಬೈಬಲ್‌ನಲ್ಲಿ, ಫಾದರ್. ಇದು ಪೂಜೇಲಿ ಓದೋ ಪುಸ್ತಕ, ಹಬ್ಬಗಳ ಸಾಲಿನಲ್ಲಿದೆ, ಈಸ್ಟರ್‌ನಿಂದ ಶುರು. ಈಸ್ಟರ್ ದಿನ ಯಾರದ್ದು ಓದ್ತೀರಿ?”

“ಯೋಹಾನನದ್ದು,” ಅಂದರು ಅವರು. ಪುಸ್ತಕಕ್ಕೆ ಮುತ್ತಿಟ್ಟು ಮೆಲ್ಲಗೆ ಕೇಳಿದರು: “ಹಾಗಾದ್ರೆ ಮತ್ತಾಯ?”

“ಈಸ್ಟರ್ ಆಗಿ ಐವತ್ತು ದಿನ ಕಾಯಲಿ ಬಿಡಿ.”

ಪಾದ್ರಿಗಳು ಓದುವ ಸೆಮಿನರಿಯ ಮೆಟ್ಟಿಲು ಹತ್ತದೆ, ಪುಸ್ತಕ ಹೊಲಿದೇ ಬದುಕಿದ ಅಪ್ಪ ಕಲಿಸಿದ ಕ್ರಮ ಇದು. ಈಸ್ಟರ್ ದಿನ ಫಾದರ್ ಮೊದಲ ಪುಟ ತೆರೆಯುವಾಗ ನಾನು ಎದುರಿಗೇ ನಿಂತಿರುತ್ತೇನೆ, ಅಪ್ಪನ ಸೂಜಿಯನ್ನು ಜೇಬಿನಲ್ಲಿಟ್ಟುಕೊಂಡು.