ಒಣ ತಟ್ಟೆಗೆ ಇಟ್ಟ ಚುಕ್ಕಿ

ಫೆಬ್ರುವರಿ ೧೯

ನನ್ನ ಚಿನ್ನಿಗೆ,

ಮೊದಲು ಆಶೀರ್ವಾದ ತಗೋ, ಬೈಗುಳ ಆಮೇಲೆ. ಬೈಗುಳ ನಿನಗಲ್ಲ, ಹೆದರಬೇಡ. ನಿನ್ನ ಕಾಗದ ಬಂದು ಮೂರು ವಾರವಾದರೂ ಉತ್ತರ ಬರೆಯಲಿಲ್ಲ ಎಂದು ಮುನಿಸಿಕೊಂಡಿರುತ್ತೀಯ. ಮುನಿಸೆಲ್ಲ ಸದ್ಯಕ್ಕೆ ನನ್ನ ಪಾಲಿಗಿರಲಿ. ನಿಮ್ಮಪ್ಪನ ಮೊಣಕಾಲು ನೋವು ಕಡಿಮೆಯಾಗಿದೆ, ಆದರೆ ಒಂದು ವಾರದಿಂದ ನನ್ನ ಹತ್ತಿರ ಸುಳಿಯುವುದಕ್ಕೇ ಹೆದರುತ್ತಿದ್ದಾರೆ.

ನಾನು ತಟ್ಟೆ ತೊಳೆಯುವ ಹಾಸ್ಟೆಲಿನಲ್ಲಿ ನನ್ನ ಕಿಂಡಿ ನಿನಗೆ ಗೊತ್ತಲ್ಲ, ಊಟ ಮುಗಿಸಿದ ಹುಡುಗಿಯರು ತಟ್ಟೆ ಒಳಗೆ ತಳ್ಳುತ್ತಾರಲ್ಲ, ಅದು. ಅಲ್ಲಿಂದ ಮುಖ ಕಾಣುವುದಿಲ್ಲ, ಕೈ ಮಾತ್ರ. ಎರಡು ತಿಂಗಳ ಹಿಂದೆ ವಾರ್ಡನ್ ಮೇಡಂಗೆ ಅನ್ನ ದಂಡವಾಗುತ್ತಿದೆ ಎಂಬ ಚಿಂತೆ ಹತ್ತಿತು. ಗೋಡೆಗೊಂದು ದೊಡ್ಡ ಪಟ್ಟಿ ಅಂಟಿಸಿದರು. ತಟ್ಟೆ ಖಾಲಿ ಬಂದರೆ ಹುಡುಗಿ ಕೂಗಿ ಹೇಳುವ ತನ್ನ ನಂಬರಿನ ಎದುರು ಒಂದು ಕೆಂಪು ಚುಕ್ಕಿ. ಚುಕ್ಕಿ ಇಡುವ ಪೆನ್ನು ನನ್ನ ಕೈಗೆ ಬಂತು. ನಾನೂ ಮೇಷ್ಟ್ರ ಹಾಗೆ ಬೀಗಿದೆ.

ಹೆಬ್ಬೆರಳಿಗೆ ಸದಾ ಶಾಯಿ ಮೆತ್ತಿಕೊಂಡ ಒಂದು ಕೈ ಬರುತ್ತಿತ್ತು. ಅವಳಿಗೆ ಶಾಯಿ ಹುಡುಗಿ ಎಂದೇ ಹೆಸರಿಟ್ಟಿದ್ದೆ. ಎಲ್ಲರಿಗಿಂತ ಹೆಚ್ಚು ಚುಕ್ಕಿ ಅವಳದೇ, ನಲವತ್ತೊಂದು. ಅವಳನ್ನು ನೋಡಿ ಕಲಿಯಿರಿ ಎಂದು ಉಳಿದವರಿಗೆ ಬುದ್ಧಿ ಹೇಳಿದವಳೂ ನಾನೇ. ಹೋದ ಮಂಗಳವಾರ ಪರೀಕ್ಷೆಯ ಹಾಲಿನಲ್ಲಿ ಬವಳಿ ಬಂದು ಬಿದ್ದಳು. ಸರಿಯಾಗಿ ಊಟ ಮಾಡಿ ಎಷ್ಟು ಕಾಲವಾಯಿತೋ ಎಂದರಂತೆ ಡಾಕ್ಟರು. ಅವಳ ಕೋಣೆಯ ಗೆಳತಿ ಅಳುತ್ತ ನನ್ನೆದುರು ಎಲ್ಲ ಬಿಚ್ಚಿಟ್ಟಳು. ಮೊದಲ ಸೆಮಿಸ್ಟರಿನಲ್ಲಿ ಫೇಲಾದಾಗಿನಿಂದ ಅವಳಿಗೆ ಅನ್ನವೇ ಸೇರುತ್ತಿರಲಿಲ್ಲವಂತೆ. ಯಾರೂ ಏನೂ ಕೇಳದಿರಲಿ ಎಂದು ತೊಳೆದು ಜೋಡಿಸಿಟ್ಟ ತಟ್ಟೆಗಳಲ್ಲಿ ಒಂದನ್ನೆತ್ತಿ, ಏನೂ ಬಡಿಸಿಕೊಳ್ಳದೆ ಮೂಲೆಯಲ್ಲಿ ಸ್ವಲ್ಪ ಹೊತ್ತು ಕೂತು, ಹಾಗೇ ತಂದು ಕಿಂಡಿಗೆ ತಳ್ಳುತ್ತಿದ್ದಳಂತೆ.

ಒಣ ತಟ್ಟೆ ಕಣೆ. ಜಿಡ್ಡಿಲ್ಲ, ಒಂದು ಅಗುಳಿಲ್ಲ. ಹದಿನಾರು ವರ್ಷ ತಟ್ಟೆ ತೊಳೆದ ನಾನು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದು ಚುಕ್ಕಿ ಇಡುತ್ತಾ ಬಂದೆ. ನನ್ನ ಕಣ್ಣಿಗೇನಾಗಿತ್ತು?

ಇವತ್ತು ವಾರ್ಡನ್ ಕರೆಸಿದರು. ಹುಡುಗಿ ದಿನವೂ ಊಟ ಮಾಡಿದ್ದಾಳೆ ಎಂದು ಟೈಪು ಮಾಡಿದ ಹಾಳೆ ಮುಂದಿಟ್ಟು ಸಹಿ ಕೇಳಿದರು. ಪಟ್ಟಿಯೇ ಸಾಕ್ಷಿಯಂತೆ. ಈಗಿನ ಹುಡುಗಿಯರಿಗೆ ಸಣ್ಣಗಾಗುವ ಹುಚ್ಚು, ಅದಕ್ಕೆ ಹಾಸ್ಟೆಲ್ ಏನು ಮಾಡೀತು ಎಂದು ಬೇರೆ ಸೇರಿಸಿದರು. ನನಗೆ ಪಿತ್ತ ನೆತ್ತಿಗೇರಿತು.

"ಆ ಮಗು ಆಸ್ಪತ್ರೇಲಿ ಮಲಗಿದೆ, ನಿಮಗೆ ಪಟ್ಟಿ ಚಿಂತೆ. ಸುಳ್ಳಿಗೆ ನಾನು ಸಹಿ ಹಾಕಲ್ಲ" ಎಂದೆ.

ಅದೇ ಹಾಳೆಯ ಹಿಂಬದಿಯಲ್ಲಿ ನಡೆದದ್ದನ್ನೆಲ್ಲ, ನನ್ನ ತಪ್ಪನ್ನೂ ಸೇರಿಸಿ, ಬರೆದು ಸಹಿ ಮಾಡಿ ಕೊಟ್ಟೆ. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದರು. ಏಪ್ರನ್ ಬಿಚ್ಚಿ ಅವರ ಮೇಜಿನ ಮೇಲೇ ಇಟ್ಟು ಬಂದೆ.

ಬಂದವಳೇ ಬರೆಯಲು ಕೂತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ಶಾಯಿ ಹುಡುಗಿ ಸ್ವಲ್ಪ ಸ್ವಲ್ಪ ಗಂಜಿ ಕುಡಿಯುತ್ತಿದ್ದಾಳಂತೆ. ನಿನ್ನ ಓದು ಸಾಗಲಿ, ಆಯಸ್ಸು ಗಟ್ಟಿಯಾಗಿರಲಿ.

ನಿನ್ನ
ಅಮ್ಮ

ತಾ.ಕ.: ಇದು ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿದದ್ದು. ನಿನ್ನ ಹಾಸ್ಟೆಲಿನಿಂದ ರಜೆಗೆ ನೀನು ಬಂದ ದಿನ ಚಿಕ್ಕಮ್ಮನ ಎದುರು "ಹಾಸ್ಟೆಲ್ ಅನ್ನ ಇವಳಿಗೆ ಚೆನ್ನಾಗೇ ಮೈಗೆ ಹತ್ತಿದೆ" ಎಂದು ನಕ್ಕವಳು ನಾನು. ಆಮೇಲೆ ನಾನು ಕೆಲಸದಿಂದ ಬಂದಾಗಲೆಲ್ಲ ನೀನು, ಈಗಷ್ಟೇ ಊಟ ಆಯಿತು, ತಟ್ಟೆಯನ್ನೂ ತೊಳೆದಿಟ್ಟೆ ಎನ್ನುತ್ತಿದ್ದೆ. ಕವುಚಿಟ್ಟ ತಟ್ಟೆ ಮುಟ್ಟಿದರೆ ಒಂದು ಹನಿ ನೀರಿರುತ್ತಿರಲಿಲ್ಲ. ಮಗಳು ಎಷ್ಟು ಅಚ್ಚುಕಟ್ಟು ಎಂದು ಹಿಗ್ಗಿದೆ. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ನನ್ನನ್ನು ಎಷ್ಟು ಬೇಕಾದರೂ ಬೈಯಿ, ಮಗಳೇ. ಊಟ ಆಯಿತು ಎಂದು ಮಾತ್ರ ಹೇಳಬೇಡ.