ನಲವತ್ತೊಂದನೆಯ ಚೀಲ

೧೮೭೭ ಆಗಸ್ಟ್ ೬, ಸೋಮವಾರ

ಇವತ್ತೂ ಹನ್ನೆರಡು ಚೀಲ. ಶಾಲೆಯಲ್ಲಿ ಪಾಠ ಮುಗಿಸಿದವನು ನೇರ ಬ್ರೂಸ್‌ಪೇಟೆಯ ಉಗ್ರಾಣಕ್ಕೆ. ರೈಲಿನಲ್ಲಿ ಬಂದ ರಂಗೂನ್ ಅಕ್ಕಿ — ಪ್ರತಿ ಚೀಲದ ಮೇಲೆ ನೀಲಿ ಬಣ್ಣದಲ್ಲಿ ‘ಸಿರುಗುಪ್ಪ ಗಂಜಿ ಕೇಂದ್ರ’, ಕೆಳಗೆ ನಂಬರು. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ನಮ್ಮ ಮಿಷನ್ ಶಾಲೆಯ ಪಾದ್ರಿಗಳು ನನ್ನನ್ನು ಬರಗಾಲದ ಕಮಿಟಿಗೆ ಎರವಲು ಕೊಟ್ಟಿದ್ದಾರೆ. ಬೆರಳಿನ ನೀಲಿ ಹೋಗುತ್ತಿಲ್ಲ. ಸಂಧ್ಯಾವಂದನೆಗೆ ಕೂತರೂ ಕಣ್ಣು ಅಲ್ಲಿಗೇ.

ಬೆಳಿಗ್ಗೆ ಹುಡುಗರಿಗೆ ಚರಿತ್ರೆಯ ಪಾಠ ಹೇಳಿದೆ. ಹಳೆಯ ಕಾಲದಲ್ಲಿ ಜರ್ಮನಿಯ ಚರ್ಚಿನವರು ಕ್ಷಮಾಪತ್ರ ಮಾರುತ್ತಿದ್ದರಂತೆ. ದುಡ್ಡು ಹಾಕು, ಪತ್ರ ತಗೋ, ಪಾಪದ ಶಿಕ್ಷೆ ಮಾಫಿ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಎಂಥ ಮಂಕುಗಳಪ್ಪ!

೯, ಗುರುವಾರ

ಸುಂಕಣ್ಣ ಬಂದಿದ್ದ. ಧಾನ್ಯದ ದೊಡ್ಡ ವ್ಯಾಪಾರಿ, ಕಮಿಟಿಯ ಮೆಂಬರು, ಚೀಲ ಸಾಗಿಸುವ ಜವಾಬ್ದಾರಿಯೂ ಅವನದೇ. ಗಂಜಿಗೆ ಐವತ್ತು ಚೀಲ ಜೋಳ ದಾನ ಬರೆಸಿದ. ಕಮಿಟಿಯವರು ಚಪ್ಪಾಳೆ ತಟ್ಟಿದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ಕೂತ.

“ಮೇಷ್ಟ್ರೇ, ಒಂದು ಪತ್ರ ಬರಕೊಡ್ರಿ. ಕುರುಗೋಡಿನ ನಮ್ಮ ಉಗ್ರಾಣದ ಬಾಗಿಲಿಗೆ ಹಚ್ಚಾಕ. ದಾನ ಕೊಟ್ಟೀವಿ ಅಂತ ಬರೀರಿ. ಕೆಳಗ, ದಾಸ್ತಾನು ನೋಡೀವಿ, ಎಲ್ಲಾ ಸರಿ ಐತಿ ಅಂತ ಒಂದು ಸಾಲು.”

“ನಾನು ನೋಡಿಲ್ಲಲ್ಲ?”

“ನಾನು ನೋಡೀನಲ್ರಿ!”

ನಕ್ಕ. ಕೆಂಪು ಅಂಚು ಬರೆದು, ಅಕ್ಷರ ಜೋಡಿಸಿ, ಕಮಿಟಿ ಮೊಹರು ಒತ್ತಿ ಕೊಟ್ಟೆ. ಚೆಂದ ಬಂತು, ಸುಳ್ಳೇಕೆ.

ರಾತ್ರಿ ಎಂಟಕ್ಕೆ ಅವನ ಆಳು ಅರ್ಧ ಚೀಲ ಅಕ್ಕಿ ಇಳಿಸಿ ಹೋದ. ಬೇಡ ಅನ್ನಬೇಕಿತ್ತು. ಹೆಂಡತಿ ಅಂಬುಜಾಗೆ ಏಳು ತಿಂಗಳ ಬಸಿರು. ಮನೆಯಲ್ಲಿ ಅನ್ನದ ವಾಸನೆ ಬಂದು ಎಷ್ಟು ದಿನವಾಗಿತ್ತು... ಬೇಡ ಅನ್ನಲಿಲ್ಲ.

೧೭, ಶುಕ್ರವಾರ

ಎಂಟು ದಿನ ಬರೆದಿಲ್ಲ. ಉಂಡೆ, ಮಲಗಿದೆ, ಅಷ್ಟೇ.

ಇವತ್ತು ಕೌಲ್ ಬಜಾರಿನ ಬಂಡಿ ಚಾಂದಸಾಬ್ ಬಾಗಿಲಿಗೆ ಬಂದ. ಸಿರುಗುಪ್ಪದಿಂದ ಸೀತಕ್ಕನ ಸುದ್ದಿ ತಂದಿದ್ದಾನೆ. ನನ್ನಕ್ಕ ಅಲ್ಲಿ ಗಂಜಿ ಕೇಂದ್ರದ ಅಡಿಗೆ ನೋಡಿಕೊಳ್ಳುತ್ತಾಳೆ. ಭಾವ ಹೋದ ಮೇಲೆ ಅವಳಿಗಿರುವ ಆಸರೆ ಅದೊಂದೇ.

“ಅಕ್ಕಾರು ಕೇಳ್ಯಾರ್ರಿ, ಅರವತ್ತು ಚೀಲಕ್ಕ ನಂಬರು ಹಾಕೀನಿ ಅಂತ ತಮ್ಮ ಹೇಳಿ ಕಳಿಸಿದ್ನಲ್ಲ, ಬಂದಿದ್ದು ಇಪ್ಪತ್ತೆರಡೇ ಯಾಕ ಅಂತ.”

“ಉಳಿದದ್ದು?”

“ನನ್ನ ಬಂಡಿಗೆ ಹೇರಿದ್ದು ಇಪ್ಪತ್ತೆರಡೇ. ಉಳಿದ ಬಂಡಿ ಕುರುಗೋಡಿನ ದಾರಿ ಹಿಡದ್ವು. ದಾಸ್ತಾನು ನೋಡಾಕ ತಹಸೀಲ್ದಾರರ ಜವಾನ ಹೋಗಿದ್ದನಂತ. ಬಾಗಿಲಾಗ ಕೆಂಪು ಅಂಚಿನ ಕಾಗದ ಓದಿ, ಸಲಾಮ್ ಹೊಡದು ವಾಪಸ್ ಬಂದಾನ.”

ಅವನು ರುಮಾಲು ಬಿಚ್ಚಿ ಮುಖ ಒರೆಸಿಕೊಂಡ.

“ದೇಶನೂರಿನ ಎರ್ರಮ್ಮ ಅಂತ ಒಂದು ಮುದುಕಿ. ಸಾಲಿನಾಗ ಕುಂತಾಕಿ ಕುಂತಂಗೇ ಹೋದ್ಲು. ಖಾಲಿ ತಾಟು ಕೈಯಾಗೇ ಇತ್ತು. ಇರೋ ಅಕ್ಕಿ ತೀರಿ ಮಂಗಳವಾರ ಒಲಿ ಹೊತ್ತಿಸಾಕ ಆಗಂಗಿಲ್ಲಂತ ಅಕ್ಕಾರು ಅಳಾಕತ್ತಾರ.”

ಸೀತಕ್ಕ ಅಳುವವಳಲ್ಲ. ಭಾವ ಹೋದಾಗಲೂ ನಮ್ಮೆದುರು ಅತ್ತವಳಲ್ಲ.

೧೯, ಭಾನುವಾರ. ಏಕಾದಶಿ

ನಿರಾಹಾರ. ಒಳಗೆ ಹೊರಗೆ ತಿರುಗಿದ್ದೇ ಆಯಿತು. ಮೊನ್ನೆ ಚಾಂದಸಾಬ್ ಹೊರಡುವಾಗ ಅಂದದ್ದು ಕಿವಿ ಬಿಡುತ್ತಿಲ್ಲ — “ನಿಮಗ ಏಕಾದಶಿ ಆದ್ರ ಮರುದಿನ ದ್ವಾದಶಿ ಐತ್ರಿ ಮೇಷ್ಟ್ರೇ. ಸಿರುಗುಪ್ಪಿಗೆ ಅದು ಇಲ್ಲ.”

ಮಧ್ಯಾಹ್ನ ಸುಂಕಣ್ಣನ ಅಂಗಡಿಗೆ ಹೋದೆ. ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವನು ಬೆವರಲೂ ಇಲ್ಲ.

“ಕಮಿಟಿಯವರು ಛತ್ರದ ಮುಂದ ಕಲ್ಲು ನಿಲ್ಲಸ್ತಾರ. ದಾನಿಗಳ ಹೆಸರು ಕೆತ್ತತಾರ. ನಿಮ್ಮದೂ ಕೆತ್ತಸ್ತೀನಿ. ಪುಣ್ಯದ ಕೆಲಸ ಮಾಡೀರಿ ನೀವು.”

“ಜನ ಸಾಯಾಕತ್ತಾರ, ಸುಂಕಣ್ಣ.”

“ನಾನು ಕೊಟ್ಟ ಜೋಳದಾಗ ಬದುಕಿದೋರನ್ನೂ ಎಣಸ್ರಿ. ಮತ್ತ, ಪತ್ರ ಬರದೋರು ಯಾರು? ನಾನಂತೂ ಅಲ್ಲ.”

ಮನೆಗೆ ಬಂದು ಒಂದು ಹಾಳೆ ತೆಗೆದೆ. ಕೆಂಪು ಅಂಚು ಬರೆದು ನನ್ನ ಹೆಸರಿಗೇ ಒಂದು ಪತ್ರ. ‘ಮಧುಸೂದನಾಚಾರ್ಯನ ನಡತೆ ನೋಡಲಾಗಿದೆ, ಎಲ್ಲ ಸರಿ ಇದೆ’ — ಬರೆದು ನೋಡಿದೆ. ಥೂ! ಇದೂ ಚೆಂದವೇ ಬಂತು. ಹರಿದು ಒಲೆಗೆ ಹಾಕಿದೆ. ಏಕಾದಶಿ, ಒಲೆಯಲ್ಲಿ ಬೆಂಕಿಯೂ ಇಲ್ಲ.

ಜರ್ಮನಿಯ ಮಂಕುಗಳನ್ನು ನೋಡಿ ನಕ್ಕಿದ್ದೆನಲ್ಲ. ಅವರ ಪತ್ರಗಳನ್ನೂ ಯಾರೋ ದುಂಡಗಿನ ಅಕ್ಷರದವನೇ ಬರೆದಿರಬೇಕು. ಅವನ ಮನೆಗೂ ಏನಾದರೂ ಬಂದಿರಬೇಕು.

೨೦, ಸೋಮವಾರ. ದ್ವಾದಶಿ, ಬೆಳಿಗ್ಗೆ ಆರು

ಪಾರಣೆಗೆ ಎಲೆ ಹಾಕಿತ್ತು. ಇಲಿ ಕಡಿದಿದೆಯೆಂದು ಅಂಬುಜಾ ಚೀಲದಲ್ಲಿದ್ದ ಅಕ್ಕಿಯನ್ನು ಮಡಕೆಗೆ ಸುರಿದು, ಹೊಲಿಯಲೆಂದು ಚೀಲವನ್ನು ಒಳಗು ಹೊರಗು ಮಾಡಿದಳು. ಕರೆಯಲಿಲ್ಲ. ಹಾಗೇ ಹಿಡಿದುಕೊಂಡು ಬಂದು ನನ್ನ ಮುಂದೆ ಹಾಸಿದಳು.

ನೀಲಿ ಬಣ್ಣ. ಸಿರುಗುಪ್ಪ ಗಂಜಿ ಕೇಂದ್ರ. ೪೧.

“ಇದು ನಿಮ್ಮ ಅಕ್ಷರ ಅಲ್ಲೇನು?”

ನೀಲಿ ಹತ್ತಿದ ಬೆರಳನ್ನು ಪಂಚೆಯಲ್ಲಿ ಮುಚ್ಚಿಕೊಂಡೆ.

“ಹತ್ತು ದಿನ ಸೀತಕ್ಕನ ಅಕ್ಕಿ ಉಂಡೆವೇನ್ರಿ? ಹೊಟ್ಟೆಯಲ್ಲಿನ ಈ ಕೂಸಿಗೂ ಅದನ್ನೇ ಉಣಿಸಿದ್ನೇನ್ರಿ ನಾನು?”

ಎಲ್ಲ ಹೇಳಿದೆ. ಪತ್ರ, ಮೊಹರು, ಕಲ್ಲು, ಎರ್ರಮ್ಮ. ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಎಲೆ ಎತ್ತಿದಳು. ಅಕ್ಕಿ ಮತ್ತೆ ಚೀಲಕ್ಕೆ ಸುರಿದಳು — ಈ ಸಲ ನಂಬರು ಹೊರಗೆ ಕಾಣುವ ಹಾಗೆ — ತೂತಿಗೂ ಬಾಯಿಗೂ ಹೊಲಿಗೆ ಹಾಕಿದಳು.

“ಕೆಲಸ ಹೋಗ್ತದ, ಅಂಬುಜಾ. ಜೇಲಿಗೂ ಹಾಕಬಹುದು.”

“ನಾಳೆ ಮಂಗಳವಾರ,” ಎಂದಳು. “ಏಳ್ರಿ.”

ಅದೇ ದಿನ, ಹನ್ನೊಂದು ಗಂಟೆ. ಕಲೆಕ್ಟರ್ ಕಚೇರಿ

ಜಗಲಿಯಲ್ಲಿ ಕೂತಿದ್ದೇನೆ. ಕಾಲ ಬಳಿ ಚೀಲ. ಚಾಂದಸಾಬ್ ಹೊತ್ತು ತಂದು ಇಳಿಸಿದ, ಕೂಲಿ ಬೇಡ ಅಂದ. ಗೇಟಿನ ಹೊರಗೆ ಬಂಡಿ ಹೂಡಿಕೊಂಡೇ ನಿಂತಿದ್ದಾನೆ. ಅಪ್ಪಣೆ ಸಿಕ್ಕಿ ಈಗ ಹೊರಟರೂ ಕುರುಗೋಡಿನಿಂದ ಹೇರಿಕೊಂಡು ನಾಳೆ ಒಲೆ ಹೊತ್ತುವಷ್ಟರಲ್ಲಿ ಸಿರುಗುಪ್ಪ ಮುಟ್ಟಬಹುದಂತೆ.

ಹೆದರಿಕೆ ಆಗುತ್ತಿದೆ. ಬಹಳ. ಒಳಗೆ ಯಾರೋ ನಗುತ್ತಿದ್ದಾರೆ — ಸುಂಕಣ್ಣನ ದನಿಯ ಹಾಗಿದೆ. ಅಲ್ಲವೇನೋ. ಎದ್ದು ಹೋಗೋಣವೆಂದು ಎರಡು ಸಲ ಎದ್ದೆ. ಚೀಲ ಬಿಟ್ಟು ಹೋಗುವುದು ಹೇಗೆ? ಮತ್ತೆ ಕೂತೆ.

ಜವಾನ ಚೀಟಿ ಕೊಟ್ಟಿದ್ದಾನೆ. ದೊರೆಗಳನ್ನು ನೋಡಬೇಕಾದರೆ ಹೆಸರು, ಬಂದ ಕಾರಣ ಬರೆಯಬೇಕಂತೆ.

ದುಂಡಗೆ ಬರುತ್ತಿಲ್ಲ. ಈ ಅಕ್ಷರ ನನ್ನದೆಂದು ಯಾರೂ ನಂಬಲಾರರು. ಹೆಸರು ಬರೆದೆ. ಕಾರಣ: ದಾಸ್ತಾನು ನೋಡದೆ, ನೋಡಿದ್ದೇನೆಂದು ಬರೆದುಕೊಟ್ಟಿದ್ದೇನೆ.