ಅವ್ವ ಹಂಚಿದ ಸಕ್ಕರೆ

ಸವಣೂರು
೨೬ ಅಕ್ಟೋಬರ್ ೨೦೨೫, ರವಿವಾರ

ನನ್ನ ಮುದ್ದು ತಂಗಿ ಸುಜಾತಾ,

ಅಕ್ಕ ಮರೆತೇಬಿಟ್ಟಳು ಅಂತ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು ಕೂತಿರುತ್ತೀ, ಗೊತ್ತು. ಬೈಯುವುದಿದ್ದರೆ ದೀಪಾವಳಿಯನ್ನು ಬೈ. ಈ ಊರಿನ ಹೆಂಗಸರಿಗೆಲ್ಲ ಹಬ್ಬದ ಹಿಂದಿನ ದಿನವೇ ಬ್ಲೌಜಿನ ನೆನಪಾಗುತ್ತದೆ. ನಾನೂ ರೋಶನಬಿಯೂ ಅಂಗಡಿಯಲ್ಲಿ ಹೊಲಿಗೆ ಮಷಿನ್ ಮುಂದೆಯೇ ಕೂತು ಊಟ ಮಾಡಿದೆವು. ಇವತ್ತು ಅಂಗಡಿ ಬಂದ್. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ಅತ್ತರೆ ನಾನೂ ಅಳುತ್ತೇನೆ, ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ರೋಶನಬಿ ಈ ಹಾಳೆಗಳ ಫೋಟೋ ತೆಗೆದು ನಿನಗೆ ಕಳಿಸುತ್ತಾಳೆ. ಓದುವುದಿಲ್ಲ ಅಂದಿದ್ದಾಳೆ, ನಾನಂತೂ ನಂಬಿಲ್ಲ. ಐರ್ಲೆಂಡಿನ ಚಳಿಗೆ ಕಿವಿ ಮುಚ್ಚಿಕೊಳ್ಳುತ್ತೀಯೋ ಇಲ್ಲವೋ?

ಮೊದಲು ನಮ್ಮೂರು ದುಂಡಸಿಯ ಸುದ್ದಿ. ಹೋದ ವಾರ ಅವ್ವನಿಗೆ ಫೋನಿನಲ್ಲಿ ಏನು ಹೇಳಿದೆ ಮಾರಾಯ್ತಿ? "ಅಮೆರಿಕಾದಾಗ ಮೊದಲನೇ ಸುತ್ತಿನ್ಯಾಗ ಅರ್ಜಿ ಹಾಕಿದ್ರ ಒಂದ ಲಾ ಕಾಲೇಜಿಗೆ ಮಾತು ಕೊಡಬೇಕವ್ವಾ, ಅವರು ಕರದ್ರ ಮತ್ತ ಬ್ಯಾರೆ ಕಡೆ ಹೋಗಂಗಿಲ್ಲ" ಅಂದೆಯಂತೆ. ಕೊನೆಗೆ "ಅದೆಲ್ಲಾ ಬಿಟ್ಟು ಧಾರವಾಡಕ್ಕ ಬಂದಬಿಡ್ಲೇನು?" ಅಂತಲೂ ಕೇಳಿದೆಯಂತೆ. ಅವ್ವನ ಕಿವಿಗೆ ಬಿದ್ದದ್ದು ಧಾರವಾಡ ಒಂದೇ. ಮಾತು ಕೊಟ್ಟ ಮೇಲೆ ತಿರುಗುವ ಹಾಗಿಲ್ಲ ಅಂದರೆ ಅವಳ ಪಾಲಿಗೆ ಅದು ಸಕ್ಕರೆ ಶಾಸ್ತ್ರವೇ. ಹೆಣ್ಣು ಗಟ್ಟಿಯಾದ ದಿನ ಹಂಚುತ್ತಾರಲ್ಲ, ಹಾಗೆಯೇ ತಾಟಿನಲ್ಲಿ ಸಕ್ಕರೆ ತುಂಬಿಕೊಂಡು ಓಣಿಯೆಲ್ಲ ತಿರುಗಿ, "ನಮ್ಮ ಸಣ್ಣಾಕೀದು ಧಾರವಾಡಕ್ಕ ಗಟ್ಟಿ ಆತ್ರಿ" ಅಂತ ಎಲ್ಲರ ಕೈಗೆ ಹಾಕಿ ಬಂದಿದ್ದಾಳೆ!

ಮಗ್ಗಲ ಮನೆಯ ಯಂಕವ್ವ ದೊಡ್ಡವ್ವ "ಹುಡುಗ ಏನ ಮಾಡ್ತಾನ?" ಅಂತ ಕೇಳಿದಳಂತೆ. "ಹುಡುಗಲ್ಲಬೇ, ಕಾಲೇಜು" ಅಂದಳಂತೆ ಅವ್ವ. ದೊಡ್ಡವ್ವ ಬಾಯಲ್ಲಿದ್ದ ಸಕ್ಕರೆಯನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಐರ್ಲೆಂಡಿನ ಡಿಗ್ರಿಯಲ್ಲಿ ನಿನ್ನ ಮಾರ್ಕ್ಸ್ ಅರವತ್ತಾರು ಅಂತ ಕೇಳಿ "ಅಷ್ಟು ದೂರ ಹೋಗಿ ಇಷ್ಟನ?" ಅಂದವಳೂ ಇದೇ ದೊಡ್ಡವ್ವ. ಅಲ್ಲಿ ಎಪ್ಪತ್ತು ದಾಟುವವರೇ ಅಪರೂಪ ಅಂತ ನಾನು ಎಷ್ಟು ತಿಳಿಸಿ ಹೇಳಿದರೂ ತಲೆಗೆ ಹೋಗಲಿಲ್ಲ. ಹಾಗಾಗಿ ನಿನ್ನ ಹೆದರಿಕೆ ನನಗೆ ಅರ್ಥವಾಗುತ್ತದೆ. ಐರ್ಲೆಂಡಿನ ಮಾರ್ಕ್ಸನ್ನು ಅಮೆರಿಕದವರೂ ಯಂಕವ್ವ ದೊಡ್ಡವ್ವನ ಹಾಗೆ ನೋಡಿಬಿಟ್ಟರೆ? ಆದರೆ ನಿಮ್ಮ ಕಾಲೇಜಿನ ಮೇಡಂ ಹೇಳಿದ್ದನ್ನು ನೀನೇ ನನಗೆ ತಿಳಿಸಿದ್ದೀ. ಪರದೇಶದ ಮಾರ್ಕ್ಸ್ ಅಳೆದು ಕೊಡಲು ಅಲ್ಲಿ ಬೇರೆಯೇ ಜನ ಇದ್ದಾರೆ, ಮೊದಲ ಸುತ್ತಿನಲ್ಲಿ ಅರ್ಜಿ ಹಾಕಿದರೆ ಪುರಸೊತ್ತಿನಿಂದ ನೋಡುತ್ತಾರೆ, ಫೀ ಪೂರ್ತಿ ಮಾಫಿಯಾಗುವ ಸೀಟೂ ಆ ಸುತ್ತಿನಲ್ಲಿ ಮಾತ್ರ ಅಂತ.

ಧಾರವಾಡಕ್ಕೂ ನಾನೇ ಹೋಗಿ ವಿಚಾರಿಸಿದೆ. ಕೌಂಟರಿನಲ್ಲಿದ್ದವರು ನನ್ನ ಫೋನಿನಲ್ಲಿದ್ದ ನಿನ್ನ ಮಾರ್ಕ್ಸ್ ಕಾರ್ಡ್ ದೊಡ್ಡದು ಮಾಡಿ, ಸಣ್ಣದು ಮಾಡಿ ನೋಡಿ, "ತಂಗೀ, ಇದು ನಮ್ಮ ಡಿಗ್ರಿಗೆ ಸಮ ಐತಿ ಅಂತ ದಿಲ್ಲಿಯಿಂದ ಸರ್ಟಿಫಿಕೇಟ್ ತರಸಬೇಕಾಕ್ಕೈತಿ ನೋಡು" ಅಂದರು. ಆಗದ ಕೆಲಸವೇನಲ್ಲ. ಆದರೂ ಅಲ್ಲಿಯೂ ಹೊರಗಿನವಳು, ಇಲ್ಲಿಯೂ ಹೊರಗಿನವಳು ಆದೆಯಲ್ಲ ಅಂತ ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಯೋಚನೆ.

ಎಲ್ಲಿಗೆ ಹಾಕಲಿ ಅಂತ ನನ್ನನ್ನು ಕೇಳಿದ್ದೀ. ನಾನು ಪಿಯುಸಿ ಫೇಲಾದವಳು, ಕಾಲೇಜಿನ ಹೆಸರು ನೋಡಿ ಹೇಳಲಾರೆ. ನಿನ್ನ ದನಿ ಮಾತ್ರ ನನಗೆ ಗೊತ್ತು. ಅಮೆರಿಕದ ಆ ಕಾಲೇಜಿನ ಮಾತು ಬಂದರೆ ಉಸಿರು ತೆಗೆದುಕೊಳ್ಳುವುದನ್ನೂ ಮರೆಯುತ್ತೀ. "ಅಕ್ಕಾ, ಎರಡನೇ ವರ್ಷಕ್ಕ ಖರೇ ಕೋರ್ಟಿನ್ಯಾಗ ನಿಂದರಸ್ತಾರ, ಗಂಡ ಹೊರಗ ಹಾಕಿದ ಹೆಂಗಸರ ಪರವಾಗಿ!" ಅಂತ ಒಂದೇ ಸಮ ಕೂಗುತ್ತೀ. ಧಾರವಾಡದ ಮಾತು ಬಂದಾಗ ದನಿ ಇಳಿಯುತ್ತದೆ, ನೀರಿನ ಕೊಡ ಹೊತ್ತವರು ನಡೆದ ಹಾಗೆ ನಿಧಾನವಾಗಿ ಮಾತಾಡುತ್ತೀ.

ಆ ಕೊಡ ಯಾರದು ಅಂತ ನನಗೆ ಗೊತ್ತಿಲ್ಲವೇ? ನೀನಾಗ ಏಳನೇ ಇಯತ್ತೆ. ಹಾನಗಲ್ಲ ಕೋರ್ಟಿನ ಅಂಗಳದಲ್ಲಿ ಯೂನಿಫಾರ್ಮಿನಲ್ಲೇ ಕರಬಸಪ್ಪನ ಮುಂದೆ ಹೋಗಿ ನಿಂತು, ಸೊಂಟದ ಮೇಲೆ ಕೈ ಇಟ್ಟು, "ನಾ ವಕೀಲಕಿ ಆಗಿ ಬರ್ತೇನಿ, ನಮ್ಮಕ್ಕನ ಕೇಸು ನಾನ ನಡಸ್ತೇನಿ" ಅಂದೆ. ನನ್ನನ್ನು ಮನೆಯಿಂದ ಹೊರಗೆ ಹಾಕಿದ ಆ ಗಂಡಸು ಅವತ್ತು ನಿನ್ನ ಮುಖ ನೋಡಲಾರದೆ ಚಪ್ಪಲಿ ನೋಡಿಕೊಂಡ. ಆಮೇಲೆ ಜೀವನಾಂಶದ ಕೇಸಿಗೆ ತಾರೀಖಿನ ಮೇಲೆ ತಾರೀಖು ಬಿದ್ದಾಗೆಲ್ಲ ನಿನ್ನ ಆ ಮಾತೇ ನನಗೆ ಬುತ್ತಿ.

ನನ್ನ ಸಕ್ಕರೆ ನಿನಗೆ ನೆನಪಿರಲಿಕ್ಕಿಲ್ಲ, ತೀರಾ ಸಣ್ಣವಳಿದ್ದೆ. ಆಡೂರಿನಿಂದ ಗಂಡಿನ ಕಡೆಯವರು ಬಂದು "ಬ್ಯಾರೆ ಹೆಣ್ಣಿನ ಕಡೆಯವರು ಕಾಯಾಕತ್ತಾರ್ರಿ, ಇವತ್ತ ಸಕ್ರಿ ಆಗಿಬಿಡ್ಲಿ" ಅಂದರು. ಅಪ್ಪ ಅವಸರಕ್ಕೆ ಬಿದ್ದ. ಹಾವೇರಿಯಲ್ಲಿ ಕರಬಸಪ್ಪನಿಗೆ ಆಗಲೇ ಒಂದು ಸಂಸಾರ ಇದೆ ಅಂತ ಲಗ್ನಕ್ಕೆ ಮೊದಲೇ ಸುದ್ದಿ ಬಂತು. ಆದರೆ ಸಕ್ಕರೆ ತಿಂದವರೆಲ್ಲ "ಹಂಚಿದ ಮ್ಯಾಲ ಹೆಂಗ ಬಿಡಾಕ ಬರ್ತೈತಿ?" ಅಂದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಒಲ್ಲೆ ಅನ್ನುತ್ತಿದ್ದೆ.

ಅದಕ್ಕೇ ನಾನು ನಿನ್ನನ್ನು ಕೇಳುತ್ತಿದ್ದೇನೆ. ನಿನಗೆ ಎಲ್ಲಿ ಮನಸ್ಸಿದೆ? ಅಲ್ಲಿಗೆ ಮೊದಲ ಅರ್ಜಿ ಹಾಕು. ಅವರು ಕರೆದರೆ ತಿರುಗಿ ನೋಡದೆ ಹೋಗು. ಕರೆಯದಿದ್ದರೆ ಧಾರವಾಡ ಎಲ್ಲಿಗೂ ಓಡಿಹೋಗುವುದಿಲ್ಲ, ದಿಲ್ಲಿಯ ಸರ್ಟಿಫಿಕೇಟಿಗೆ ಇಬ್ಬರೂ ಸೇರಿ ಓಡಾಡೋಣ. ಏಳನೇ ಇಯತ್ತೆಯ ಹುಡುಗಿ ಕೊಟ್ಟ ಮಾತಿಗೆ ನೀನು ಕಟ್ಟುಬೀಳುವುದು ನನಗೆ ಬೇಡ.

ಅವ್ವನ ಚಿಂತೆ ಬಿಡು. ನಿನ್ನೆ ದುಂಡಸಿಗೆ ಹೋಗಿ ಎಲ್ಲ ಬಿಡಿಸಿ ಹೇಳಿದೆ. ಗೋವಿನಜೋಳದ ತೆನೆ ಸುಲಿಯುತ್ತ ಕೇಳಿಸಿಕೊಂಡಳು. "ಮತ್ತ ನಾ ಹಂಚಿದ್ದು?" ಅಂದಳು. "ಇನ್ನೊಮ್ಮೆ ಹಂಚೂಣಬೇ, ಜನಕ್ಕೇನು ಸಕ್ರಿ ಬ್ಯಾಡಾಗಿರ್ತೈತಿ?" ಅಂದೆ. ಇನ್ನೊಂದು ತೆನೆ ಕೈಗೆತ್ತಿಕೊಂಡು, "ಆಕಿ ಅಲ್ಲಿ ನಕ್ಕೋಂತ ಇರ್ತಾಳಂದ್ರ ಹೋಗ್ಲಿ. ಇಲ್ಲಿ ಬಂದು ಮಾರಿ ಸಣ್ಣ ಮಾಡ್ಕೊಂಡು ಕುಂತ್ರ ನಾ ನೋಡಾಕ ಆಗಂಗಿಲ್ಲ" ಅಂದಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಜೋಳದ ಧೂಳು ಅಂದಳು. ಇರಲಿ ಅಂತ ನಾನೂ ಒಪ್ಪಿಕೊಂಡೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅರ್ಜಿಯಲ್ಲಿ ನಿನ್ನ ಬಗ್ಗೆ ಬರೆಯುವಾಗ ಸಂಕೋಚ ಮಾಡಬೇಡ, ಊರಿನ ಹೆಸರನ್ನೂ ಬರೆ. ನೀನು ನಿಂತ ಕಡೆಯೆಲ್ಲ ನಿನಗೆ ಒಳ್ಳೆಯದಾಗಲಿ, ನಿನ್ನ ಮುಂದೆ ನಿಂತು ಅಳುವ ಹೆಂಗಸರಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಸುನಿತಾ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಮೊನ್ನೆ ಶುಕ್ರವಾರ ಹಾನಗಲ್ಲಿಗೆ ಹೋಗಿ ಕೇಸು ರಾಜಿ ಮಾಡಿಕೊಂಡು ಬಂದೆ. "ಯಾರಾದರೂ ಒತ್ತಾಯ ಮಾಡಿದ್ದಾರಾ?" ಅಂತ ಜಡ್ಜ್ ಮೇಡಂ ಕೇಳಿದರು, "ಇಲ್ರೀ" ಅಂದೆ. ಹೊರಗೆ ಕರಬಸಪ್ಪ "ಸಣ್ಣಾಕಿ ವಕೀಲಕಿ ಕಲಿತು ಬರ್ತಾಳೇನು?" ಅಂತ ಕೇಳಿದ. ಇನ್ನೂ ಅಂಜುತ್ತಾನೆ ನಿನಗೆ. ನನ್ನ ಮೇಲೆ ಸಿಟ್ಟಾಗಬೇಡ. ಆ ಕೇಸು ಇರುವವರೆಗೆ, ಅದನ್ನು ನಡೆಸಲು ಇಲ್ಲಿಯೇ ಕಲಿಯಬೇಕು ಅಂತ, ನೀನು ಧಾರವಾಡ ಬಿಟ್ಟು ಬೇರೆ ಎಲ್ಲಿಗೂ ಮಾತು ಕೊಡುತ್ತಿರಲಿಲ್ಲ. ಬಸ್ಸು ಬಂಕಾಪುರ ದಾಟುವವರೆಗೆ ಗಟ್ಟಿಯಾಗಿಯೇ ಇದ್ದೆ. ಆಮೇಲೆ ಹೊಳೆಯಿತು, ನಿನ್ನನ್ನು ಊರಿಗೆ ಕರೆಯಲು ನನ್ನ ಹತ್ತಿರ ಇದ್ದ ನೆವ ಅದೊಂದೇ. ಅದನ್ನೂ ಕೋರ್ಟಿನಲ್ಲಿ ಬಿಟ್ಟು ಬಂದಿದ್ದೆ. ನೆವ ಇಲ್ಲದಿದ್ದರೂ ಬರುತ್ತೀಯಲ್ಲ, ಸುಜಾತಾ?